ಸಹಾಯ ಬೇಕು: ಮಗಳ ಜ್ವರ ಬಿಟ್ಟಿದೆ, ಕೆಮ್ಮು ಬಿಟ್ಟಿಲ್ಲ. ಅಜ್ಜಿ ಹತ್ತಿರ ಬಿಡಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಶಿರಾ ಗೇಟ್ ಹತ್ತಿರ ವಠಾರದಲ್ಲಿದ್ದೇವೆ. ಇಲ್ಲಿ ಮನೆಮನೆಯಲ್ಲೂ ಜ್ವರ, ಮೈಕೈ ನೋವು, ಗಂಟಲು ಕೆರೆತ. ಒಂದನೇ ಕ್ಲಾಸಿನ ಮಗಳಿಗೂ ಬಂತು, ಟೆಸ್ಟಿನಲ್ಲಿ ಎಚ್‌1ಎನ್‌1 (ಒಂದು ಬಗೆಯ ಫ್ಲೂ) ಅಂತ ಗೊತ್ತಾಯಿತು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಸಿರಪ್ ಕೋರ್ಸ್ ಮುಗಿದಿದೆ. ಜ್ವರ ಪೂರ್ತಿ ಇಳಿದಿದೆ, ಊಟ ಸೇರುತ್ತಿದೆ. ರಾತ್ರಿ ಮಲಗಿದ ತಕ್ಷಣ ಮಾತ್ರ ಒಣಕೆಮ್ಮು ಶುರು. ಎದ್ದು ಕೂರಿಸಿ ಬಿಸಿನೀರು ಕುಡಿಸಿದರೆ ಸ್ವಲ್ಪ ನಿಲ್ಲುತ್ತದೆ.

ನನ್ನ ಭಯ ಅತ್ತೆಯದು. 72 ವರ್ಷ, ಆಸ್ತಮಾ ಬೇರೆ. ಇರುವ ಒಂದೇ ರೂಮು ಅವರಿಗೆ ಬಿಟ್ಟು ನಾವೆಲ್ಲ ಹಾಲ್‌ನಲ್ಲಿ ಮಲಗುತ್ತಿದ್ದೇವೆ. ಕಿಟಕಿ ತೆಗೆದೇ ಇರುತ್ತದೆ, ಮಾಸ್ಕ್ ಹಾಕುತ್ತೇವೆ. ಮಗು ಬಾಗಿಲಲ್ಲಿ ನಿಂತು "ಅಜ್ಜೀ, ಕಥೆ ಹೇಳು" ಅಂತ ಅಳುತ್ತಾಳೆ, ನೋಡಕ್ಕಾಗಲ್ಲ.

ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಸ್ಕೂಲಿಗೆ ಕಳಿಸಿ ಅಂದಿದ್ದರು ಡಾಕ್ಟರು. ಆದರೆ ಫ್ಲೂ ಲಕ್ಷಣ ಕಾಣುವ ಒಂದು ದಿನ ಮೊದಲಿನಿಂದ 5–7 ದಿನದವರೆಗೂ ಹರಡುತ್ತದೆ, ಚಿಕ್ಕ ಮಕ್ಕಳಿಂದ ಇನ್ನೂ ಜಾಸ್ತಿ ದಿನ ಅಲ್ವಾ? ಅತ್ತೆಯ ವಿಷಯ ಕೇಳೋಣ ಅಂದರೆ ಡಾಕ್ಟರು ಈ ವಾರ ಊರಲ್ಲಿಲ್ಲ.

ಗುಂಪಿನಲ್ಲಿ ಡಾಕ್ಟರು, ನರ್ಸ್‌ಗಳು ಇದ್ದರೆ ದಯವಿಟ್ಟು ಹೇಳಿ. ಸ್ಕೂಲಿಗೆ ಹೇಳಿದ ಲೆಕ್ಕವೇ ಆಸ್ತಮಾ ಇರುವ ವಯಸ್ಸಾದವರಿಗೂ ಸಾಕಾ, ಅಥವಾ ಕೆಮ್ಮು ಪೂರ್ತಿ ನಿಲ್ಲುವವರೆಗೂ ಮಗುವನ್ನು ದೂರ ಇಡಬೇಕಾ?