ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಆಗುತ್ತಾ ಅಂತ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತಾ? ಅನುಭವ ಇದ್ದವರು ಹೇಳಿ

ತುಮಕೂರಿನ ಮಗಳು: ಅಪ್ಪನಿಗೆ 61. ಶುಗರ್ ಇದೆ. ಹೋದ ತಿಂಗಳು ಎಲ್‌ಎಡಿಗೆ (ಹೃದಯದ ಮುಂಭಾಗದ ರಕ್ತನಾಳ) ಒಂದು ಸ್ಟೆಂಟ್ (ನಾಳ ತೆರೆದಿಡುವ ಜಾಲರಿ ಕೊಳವೆ) ಹಾಕಿದರು. ಮತ್ತೆ ಬ್ಲಾಕ್ ಆಗುತ್ತಾ ಅಂತ ಮೊದಲೇ ತಿಳಿಯುತ್ತೆ ಎಂದು ಲ್ಯಾಬ್‌ನವರು 4,800 ರೂಪಾಯಿಯ ಪ್ಯಾಕೇಜ್ ಹೇಳುತ್ತಿದ್ದಾರೆ. ಎಚ್‌ಎಸ್-ಸಿಆರ್‌ಪಿ (ಮೈಯೊಳಗಿನ ಉರಿಯೂತ ತೋರಿಸೋದು), ಲೈಪೋಪ್ರೋಟೀನ್-ಎ (ಕೊಲೆಸ್ಟರಾಲ್ ಹೊತ್ತೊಯ್ಯುವ ಒಂದು ಬಗೆಯ ಕಣ), ಹೋಮೋಸಿಸ್ಟೀನ್ (ರಕ್ತದಲ್ಲಿರುವ ಒಂದು ಅಮೈನೋ ಆಮ್ಲ) ಮೂರೂ ಇದೆಯಂತೆ. ಮಾಡಿಸಬೇಕಾ?

ಶಿವಮೊಗ್ಗ ಮೇಷ್ಟ್ರು: ಮಾಡಿಸಮ್ಮ. ನನಗೆ ಹಾಕಿದ್ದು 2016ರಲ್ಲಿ. ಸ್ಟೆಂಟ್ ಒಂದಕ್ಕೇ 1,15,000. ಮರುವರ್ಷ ಫೆಬ್ರವರಿಯಲ್ಲಿ ಸರ್ಕಾರ ಔಷಧಿ ಲೇಪನದ ಸ್ಟೆಂಟ್‌ಗೆ 29,600 ಅಂತ ದರ ಕಟ್ಟಿತು, ಪೇಪರ್‌ನಲ್ಲಿ ಓದಿ ಹೊಟ್ಟೆ ಉರಿಯಿತು. ದುಡ್ಡು ಹೋಗಲಿ. ಡಿಸ್ಚಾರ್ಜ್ ಆಗಿ ಎಷ್ಟೋ ವಾರ ಕಳೆದರೂ ಸಿಆರ್‌ಪಿ 6ರ ಮೇಲೇ ಇತ್ತು. 3 ದಾಟಿದರೇ ಜಾಸ್ತಿ ಅಂತಾರೆ, ಆದರೂ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ವರ್ಷ ತುಂಬುವ ಮೊದಲೇ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತಿತ್ತು. ಅದೇ ಜಾಗದಲ್ಲಿ 80 ಪರ್ಸೆಂಟ್ ಬ್ಲಾಕ್! ಬ್ಲಾಕ್ ಬಿಡಿಸೋ ಔಷಧಿ ಬಲೂನ್ 38,000, ನಾಳದೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದಕ್ಕೆ 45,000, ಕ್ಯಾತ್‌ಲ್ಯಾಬ್ (ಆಂಜಿಯೋ ಮಾಡುವ ಕೋಣೆ) ಬೇರೆ, ಕ್ಯಾಮೆರಾ ದುಡ್ಡನ್ನು ಇನ್ಶೂರೆನ್ಸ್‌ನವರು ಕೊಡಲೇ ಇಲ್ಲ. ಮೊದಲ ಸಲ ಸ್ಟೆಂಟ್ ಒಂದು ಕಡೆ ಪೂರ್ತಿ ಅರಳಿರಲಿಲ್ಲ ಅಂತ ಆಗಲೇ ಗೊತ್ತಾಗಿದ್ದು.

ಹುಬ್ಬಳ್ಳಿ ಅಕ್ಕ: ಸರ್, ಹಾಗಾದರೆ ನಿಮ್ಮದು ಸ್ಟೆಂಟ್ ಅರಳದ ತೊಂದರೆ. ಅದನ್ನು ಸಿಆರ್‌ಪಿ ತಲೆಗೆ ಯಾಕೆ ಕಟ್ಟುತ್ತೀರಿ? ನನಗೆ ಸಿಆರ್‌ಪಿ 8 ಬಂದಿತ್ತು. ಮನೆಯಲ್ಲಿ ಎಲ್ಲರೂ ಗಾಬರಿಯಾಗಿ ಆಂಜಿಯೋಗ್ರಾಂ ಮಾಡಿಸಿದರು, 22,000 ಹೋಯಿತು. ಸ್ಟೆಂಟ್ ಕ್ಲೀನ್ ಇತ್ತು. ಕೊನೆಗೆ ನೋಡಿದರೆ ದವಡೆ ಹಲ್ಲಿನ ಬುಡದಲ್ಲಿ ಕೀವು! ನೆಗಡಿ ಜ್ವರ ಬಂದರೂ ಅದು ಏರುತ್ತೆ. ಮಾಡಿಸುವುದಾದರೆ ಲೈಪೋಪ್ರೋಟೀನ್-ಎ ಮಾಡಿಸಿ. ಅದು ವಂಶದಿಂದ ಬರೋದು, ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು. 50 ಮಿಲಿಗ್ರಾಂ ದಾಟಿದರೆ ಜಾಸ್ತಿ, ನನ್ನದು 96. ಪಥ್ಯ ಮಾಡಿದರೂ ಇಳಿಯಲ್ಲ, ಕೊಲೆಸ್ಟರಾಲ್‌ಗೆ ಕೊಡೋ ಸ್ಟ್ಯಾಟಿನ್ ಮಾತ್ರೆಗೂ ಇಳಿಯಲ್ಲ. ಅದಕ್ಕೇ ಕೆಟ್ಟ ಕೊಲೆಸ್ಟರಾಲ್ ಎಲ್‌ಡಿಎಲ್ ಅನ್ನಾದರೂ 55ರ ಕೆಳಗೆ ಇಟ್ಟುಕೊಂಡಿದ್ದೇನೆ. ರಿಪೋರ್ಟ್‌ನಲ್ಲಿ ಮಿಲಿಗ್ರಾಂ ಇದೆಯಾ ನ್ಯಾನೋಮೋಲ್ ಇದೆಯಾ ನೋಡಿಕೊಳ್ಳಿ, ಎರಡರ ಸಂಖ್ಯೆ ಬೇರೆ.

ಶಿವಮೊಗ್ಗ ಮೇಷ್ಟ್ರು: ನನಗೆ ಹಲ್ಲುನೋವೂ ಇರಲಿಲ್ಲ, ನೆಗಡಿಯೂ ಇರಲಿಲ್ಲ. ಎರಡನೇ ಸಲ ಕ್ಯಾತ್‌ಲ್ಯಾಬ್ ಟೇಬಲ್ ಮೇಲೆ ಮಲಗಿದವನು ನಾನು, ನೀವಲ್ಲ.

ಮಂಡ್ಯ ರೈತ: ಹೋಮೋಸಿಸ್ಟೀನ್ ಬಗ್ಗೆ ಯಾರೂ ಮಾತಾಡ್ತಿಲ್ಲ. ನನ್ನದು 24 ಇತ್ತು. ಅದನ್ನು ಇಳಿಸೋಕೆ ಫೋಲಿಕ್ ಆಸಿಡ್, ಬಿ12 ಶುರು ಮಾಡಿದೆ, ತಿಂಗಳಿಗೆ ನೂರು ರೂಪಾಯಿಯೂ ಆಗಲ್ಲ. 2018ರಿಂದ ಏನೂ ತೊಂದರೆ ಇಲ್ಲ, ಗದ್ದೆ ಕೆಲಸ ನಾನೇ ಮಾಡ್ತೇನೆ. ಎಲ್ಲರೂ ತಗೊಳ್ಳಿ.

ಬೆಂಗಳೂರು ಲ್ಯಾಬ್: ಎಲ್ಲರೂ ತಗೊಳ್ಳಿ ಅನ್ನಬೇಡಿ ಅಣ್ಣ. 2001ರಲ್ಲಿ ಸ್ವಿಟ್ಜರ್ಲೆಂಡ್‌ನ ಅಧ್ಯಯನದಲ್ಲಿ ಈ ವಿಟಮಿನ್‌ಗಳಿಂದ ಮತ್ತೆ ಕಿರಿದಾಗೋದು ಕಡಿಮೆಯಾಯಿತು, ನಿಜ. ಅದರಲ್ಲಿ ಸ್ಟೆಂಟ್ ಇಲ್ಲದೆ ಬರೀ ಬಲೂನ್‌ನಿಂದ ನಾಳ ಅಗಲ ಮಾಡಿಸಿಕೊಂಡವರೂ ಇದ್ದರು. 2004ರಲ್ಲಿ ಸ್ಟೆಂಟ್ ಹಾಕಿದವರಿಗೆ ಕೊಟ್ಟು ನೋಡಿದಾಗ ಉಲ್ಟಾ ಜಾಸ್ತಿಯಾಯಿತು.

ಮಂಡ್ಯ ರೈತ: ಹಂಗಾದ್ರೆ ನಾನು ಇಷ್ಟು ವರ್ಷ ವಿಷ ತಿಂದೆನಾ? ಪ್ಯಾಕೇಜ್ ಮಾರೋರು ನೀವು, ನೂರು ರೂಪಾಯಿ ಮಾತ್ರೆ ಕಂಡರೆ ಹೊಟ್ಟೆಕಿಚ್ಚು.

ಬೆಂಗಳೂರು ಲ್ಯಾಬ್: ಪೂರ್ತಿ ಕೇಳಿ. ಅದೇ ಅಧ್ಯಯನದಲ್ಲಿ ಹೆಂಗಸರು, ಶುಗರ್ ಇದ್ದವರು, ಹೋಮೋಸಿಸ್ಟೀನ್ 15 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಆ ಹಾನಿ ಕಾಣಲಿಲ್ಲ. ನಿಮ್ಮದು 24, ನೀವು ಅದರಲ್ಲಿ ಬರ್ತೀರಿ. ಎಲ್ಲರೂ ಬರಲ್ಲ. ಇನ್ನು ನಾನು ರಕ್ತ ತೆಗೆಯೋನು, ಪ್ಯಾಕೇಜ್ ಮಾರಲ್ಲ. ಆ ಹುಡುಗಿ ಶುಗರ್ ಅಂತ ಮೊದಲೇ ಬರೆದಿದ್ದಾಳೆ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ) ಎಷ್ಟು ಅಂತ ಒಬ್ಬರಾದರೂ ಕೇಳಿದಿರಾ? ಸ್ಟೆಂಟ್ ಮತ್ತೆ ಕಿರಿದಾಗೋಕೆ ಶುಗರ್ ದೊಡ್ಡ ಕಾರಣಗಳಲ್ಲಿ ಒಂದು.

ತುಮಕೂರಿನ ಮಗಳು: 9.2 ಇದೆ ಸರ್. ಇನ್ನೊಂದು ವಿಷಯ. ಹಲ್ಲಿನ ಮಾತು ಬಂತಲ್ಲ, ಅಪ್ಪ ಸೋಮವಾರ ಹಲ್ಲು ಕೀಳಿಸಬೇಕು ಅಂತ ನಿನ್ನೆಯಿಂದ ರಕ್ತ ತೆಳು ಮಾಡುವ ಎರಡೂ ಮಾತ್ರೆ ನಿಲ್ಲಿಸಿದ್ದಾರೆ.

ಹುಬ್ಬಳ್ಳಿ ಅಕ್ಕ: ಅಯ್ಯೋ! ಈ ರಕ್ತ ಪರೀಕ್ಷೆ ಎಲ್ಲ ಆಮೇಲೆ. ಸ್ಟೆಂಟ್ ಹಾಕಿ ಒಂದೇ ತಿಂಗಳಿಗೆ ಅವನ್ನು ನಿಲ್ಲಿಸಿದರೆ ಹೆಪ್ಪು ಕಟ್ಟಿ ದಿಢೀರ್ ಮುಚ್ಚಿಕೊಳ್ಳಬಹುದು. ಈಗಲೇ ಹಾರ್ಟ್ ಡಾಕ್ಟರ್‌ಗೆ ಫೋನ್ ಮಾಡು ತಂಗಿ, ನಾಳೆಗೆ ಬಿಡಬೇಡ.

ಶಿವಮೊಗ್ಗ ಮೇಷ್ಟ್ರು: ಅಕ್ಕ ಹೇಳಿದ್ದು ಸರಿ. ಫೋನ್ ಸಿಗದಿದ್ದರೆ ಆಸ್ಪತ್ರೆಗೇ ಹೋಗಮ್ಮ.