16 ಅಡಿ ಫೈಬರ್ ದೋಣಿಗೆ ರಾತ್ರಿ ದೀಪ: ಯಾವುದು, ಎಲ್ಲಿ, ವೈರಿಂಗ್ ಹೇಗೆ?

ಅಳಿವೆಬದಿ:
ನಮಸ್ಕಾರ ಎಲ್ಲರಿಗೂ. ದೋಣಿ 16 ಅಡಿ ಫೈಬರ್, 15 ಎಚ್‌ಪಿ ಔಟ್‌ಬೋರ್ಡ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಬ್ಯಾಟರಿ ಇಲ್ಲ. ಕೋಡಿಬೆಂಗ್ರೆ, ಹಂಗಾರಕಟ್ಟೆ ಸುತ್ತಿನ ಹೊಳೆಯಲ್ಲಿ ರಜೆಯ ದಿನ ಗಾಳ ಹಾಕಲು ಬಳಕೆ. ಹಿಂತಿರುಗುವಾಗ ಕತ್ತಲಾಗುತ್ತದೆ, ಅಳಿವೆಯಲ್ಲಿ ದೊಡ್ಡ ಬೋಟುಗಳ ಓಡಾಟವೂ ಇರುತ್ತದೆ. ಈಗ ಇರುವುದು ಕೈಯಲ್ಲಿ ಹಿಡಿಯುವ ಟಾರ್ಚ್ ಮಾತ್ರ.

ನಿಯಮದ ಪ್ರಕಾರ ಯಾವ ದೀಪ ಬೇಕು? ಲಾರಿಗೆ ಹಾಕುವ ಕೆಂಪು, ಹಸಿರು ಎಲ್ಇಡಿ ಸಾಕಾಗುತ್ತದೆಯೇ? ಬ್ಯಾಟರಿ ಎಷ್ಟು ಆಂಪಿನದು? ಮುಂದೆ ಒಂದು ಫ್ಲಡ್‌ಲೈಟ್ ಹಾಕಿಬಿಟ್ಟರೆ ಎಲ್ಲ ಮುಗಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ತಿಳಿದವರು ಹೇಳಿ.

ಬಂದರುಗಟ್ಟೆ:
ಫ್ಲಡ್‌ಲೈಟಿನಿಂದ ಏನೂ ಮುಗಿಯುವುದಿಲ್ಲ ಮಾರಾಯ್ರೆ. ದೋಣಿಯ ದೀಪ ಇರುವುದು ನಮಗೆ ದಾರಿ ಕಾಣಲಿಕ್ಕಲ್ಲ. ನಾವು ಯಾವ ಕಡೆ ಮುಖ ಮಾಡಿದ್ದೇವೆ, ಯಾವ ಕಡೆ ಹೋಗುತ್ತಿದ್ದೇವೆ ಎಂದು ಎದುರಿನವನಿಗೆ ಹೇಳಲಿಕ್ಕೆ. ಫ್ಲಡ್‌ಲೈಟ್ ಅದನ್ನು ಹೇಳುವುದಿಲ್ಲ. ಎದುರಿನ ಚುಕ್ಕಾಣಿಯವನ ಕಣ್ಣು ಕುಕ್ಕುತ್ತದೆ, ನಿಮ್ಮದೇ ಕೆಂಪು ಹಸಿರನ್ನೂ ಮುಳುಗಿಸುತ್ತದೆ. ನಿಮ್ಮ ಕಣ್ಣಿಗೂ ಕತ್ತಲು ಮತ್ತೆ ಒಗ್ಗಲು 20-30 ನಿಮಿಷ ಬೇಕು. ಜೆಟ್ಟಿ ಹತ್ತಿರ ಬಂದಾಗ, ಬಲೆಯ ತೇಲುಬುರುಡೆ ಹುಡುಕುವಾಗ ಅರೆ ಕ್ಷಣ ಬೆಳಗಿಸಲು ಕೈಟಾರ್ಚೇ ಒಳ್ಳೆಯದು. ಅದನ್ನು ಬಿಡಬೇಡಿ.

ಸಮುದ್ರಕ್ಕೂ, ಹಡಗುಗಳು ಸಮುದ್ರದಿಂದ ಒಳಬರುವ ಅಳಿವೆಗೂ ಅನ್ವಯಿಸುವುದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಾವಳಿ, ಅಂದರೆ ಕೋಲ್‌ರೆಗ್ಸ್. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ ದೀಪ ಉರಿಯಬೇಕು. ಮಂಜು, ಜೋರು ಮಳೆ ಬಂದು ಕಾಣದಂತಾದರೆ ಹಗಲಲ್ಲೂ ಬೇಕು.

7 ಮೀಟರಿಗಿಂತ ಚಿಕ್ಕದಾಗಿದ್ದು, ಪೂರ್ತಿ ಇಂಜಿನ್ ಬಿಟ್ಟರೂ 7 ನಾಟ್ ಮೀರದ ದೋಣಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಸಾಕು, ಬದಿಯ ದೀಪ ಸಾಧ್ಯವಾದರೆ ಹಾಕಿ ಎಂದಿದೆ. ಈ ವಿನಾಯಿತಿ ನಿಮಗೆ ಸಿಗುವುದಿಲ್ಲ. 7 ನಾಟ್ ಅಂದರೆ ಗಂಟೆಗೆ ಸುಮಾರು 13 ಕಿ.ಮೀ., 16 ಅಡಿಗೆ 15 ಎಚ್‌ಪಿ ಕಟ್ಟಿದರೆ ಅದನ್ನು ಸಲೀಸಾಗಿ ದಾಟುತ್ತದೆ. ಹಾಗಾಗಿ 12 ಮೀಟರಿಗಿಂತ ಚಿಕ್ಕ ಇಂಜಿನ್ ದೋಣಿಯ ಲೆಕ್ಕ ನಿಮ್ಮದು: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಜೊತೆಗೆ 360 ಡಿಗ್ರಿ ಕಾಣುವ ಬಿಳಿ. ಬದಿಯ ದೀಪ ಕನಿಷ್ಠ 1 ನಾಟಿಕಲ್ ಮೈಲಿ, ಬಿಳಿ 2 ಮೈಲಿ ಕಾಣಬೇಕು. ಖರೀದಿಸುವಾಗ ಡಬ್ಬದ ಮೇಲೆ ಈ ದೂರ ಬರೆದಿದೆಯೇ ನೋಡಿ, ಬರೆಯದಿದ್ದನ್ನು ಬಿಡಿ.

ಲಾರಿ ದೀಪ ಬೇಡ ಎನ್ನುವುದಕ್ಕೆ ಕಾರಣ ಬೆಳಕಲ್ಲ, ಕೋನ. ಕೆಂಪಾಗಲಿ ಹಸಿರಾಗಲಿ ನೇರ ಮುಂದಿನಿಂದ ಶುರುವಾಗಿ, ಬದಿ ದಾಟಿ 22.5 ಡಿಗ್ರಿ ಹಿಂದಿನವರೆಗೆ, ಒಟ್ಟು 112.5 ಡಿಗ್ರಿ ಮಾತ್ರ ಕಾಣಬೇಕು. ಲಾರಿಯ ಮಾರ್ಕರ್ ದೀಪಕ್ಕೆ ಈ ಕಟ್ಟು ಇಲ್ಲ. ನಿಮ್ಮ ಎಡಕ್ಕೆ ನಿಂತವನಿಗೂ ಹಸಿರು ಕಂಡರೆ ಅವನು ತಪ್ಪು ಲೆಕ್ಕ ಹಾಕುತ್ತಾನೆ. ಅವನ ಬಲಗಡೆ ನಿಮ್ಮ ಕೆಂಪು ಕಂಡರೆ ದಾರಿ ಬಿಡಬೇಕಾದವನು ಅವನು, ಅವನ ಎಡಗಡೆ ನಿಮ್ಮ ಹಸಿರು ಕಂಡರೆ ದಾರಿ ಬಿಡಬೇಕಾದವರು ನೀವು. ಇಡೀ ವ್ಯವಸ್ಥೆ ನಿಂತಿರುವುದೇ ಈ ಬಣ್ಣದ ಗಡಿಯ ಮೇಲೆ.

ನಿಮ್ಮ ಅಳತೆಗೆ ನನ್ನ ಆಯ್ಕೆ: ಕೆಂಪು ಹಸಿರು ಒಂದೇ ಡಬ್ಬದಲ್ಲಿರುವ ಜೋಡಿದೀಪ, ದೋಣಿಯ ಮುಂತುದಿಯಲ್ಲಿ ನಡುಗೆರೆಯ ಮೇಲೆ. ಬಿಳಿ ದೀಪ ಹಿಂಬದಿಯಲ್ಲಿ ಕಂಬದ ಮೇಲೆ. ಅದು ಬದಿಯ ದೀಪಕ್ಕಿಂತ ಕನಿಷ್ಠ 1 ಮೀಟರ್ ಎತ್ತರದಲ್ಲಿರಬೇಕು. 1 ಮೀಟರ್ ಕಂಬ ತಂದರೆ ಕುಳಿತವರ ತಲೆಯೇ ಅಡ್ಡ ಬರುತ್ತದೆ, 1.4ರಿಂದ 1.5 ಮೀಟರ್ ಇರಲಿ. ಟಿಲ್ಲರ್, ಅಂದರೆ ಇಂಜಿನ್ ತಿರುಗಿಸುವ ಹಿಡಿಕೆ, ಹಿಡಿಯುವವರು ಸಾಮಾನ್ಯವಾಗಿ ಬಲ ಮೂಲೆಯಲ್ಲಿ ಕೂರುತ್ತಾರೆ, ಆದ್ದರಿಂದ ಕಂಬ ಎಡ ಮೂಲೆಗೆ. ಜೋಡಿದೀಪ ನಡುಗೆರೆಯಲ್ಲಿದ್ದರೆ, ಬಿಳಿಯನ್ನು ನಡುವೆ ಕೂರಿಸಲಾಗದಾಗ ಬದಿಗೆ ಸರಿಸಲು ನಿಯಮವೇ ಅವಕಾಶ ಕೊಟ್ಟಿದೆ. ಬಿಳಿ ದೀಪದ ಬುಡಕ್ಕೆ ಮೂರು ನಾಲ್ಕು ಇಂಚು ಅಗಲದ, ಕಪ್ಪು ಬಳಿದ ಚಪ್ಪಟೆ ತಟ್ಟೆ ಹಾಕಿ. ಬೆಳಕು ದೋಣಿಯೊಳಗೆ ಸುರಿಯುವುದಿಲ್ಲ, ನಿಮ್ಮ ಕಣ್ಣು ಉಳಿಯುತ್ತದೆ.

ಲಂಗರು ಹಾಕಿ ಗಾಳ ಬಿಟ್ಟು ಕುಳಿತಾಗ ಬಿಳಿ ಮಾತ್ರ ಉರಿಯಬೇಕು. ಕೆಂಪು ಹಸಿರು ಉರಿದರೆ ನೀವು ಚಲಿಸುತ್ತಿದ್ದೀರಿ ಎಂದೇ ಅರ್ಥ. ದಾರಿಯಿಂದ ದೂರ ನಿಂತ 7 ಮೀಟರಿಗಿಂತ ಚಿಕ್ಕ ದೋಣಿಗೆ ಲಂಗರು ದೀಪದ ಕಡ್ಡಾಯವಿಲ್ಲ. ಆದರೆ ನಿಮ್ಮದು ಬೋಟು ಓಡಾಡುವ ಜಾಗ. ಅಲ್ಲಿ ಅದು ಬೇಕೇ ಬೇಕು.

ತಾಮ್ರತಂತಿ:
ದೀಪದ ವಿಷಯ ಮೇಲಿನವರು ಹೇಳಿದ್ದಾರೆ. ವೈರಿಂಗ್ ನಾನು ಹೇಳುತ್ತೇನೆ, ಏಕೆಂದರೆ ಉಪ್ಪುನೀರಿನಲ್ಲಿ ದೀಪಕ್ಕಿಂತ ಮೊದಲು ಸಾಯುವುದು ಜಾಯಿಂಟು.

ಬ್ಯಾಟರಿ ಲೆಕ್ಕ ಮೊದಲು. ಎಲ್ಇಡಿ ಜೋಡಿದೀಪ 2 ವಾಟ್, ಬಿಳಿ 2 ವಾಟ್ ಎಂದುಕೊಳ್ಳಿ. 4 ವಾಟ್ ಅಂದರೆ 12 ವೋಲ್ಟಿನಲ್ಲಿ 0.33 ಆಂಪ್. ಹತ್ತು ಗಂಟೆಗೆ 3.3 ಆಂಪ್-ಅವರ್. ಯುಪಿಎಸ್‌ನಲ್ಲಿ ಬರುವ 7 ಆಂಪ್-ಅವರಿನ ಸೀಲ್ಡ್ ಬ್ಯಾಟರಿಯಿಂದ ಅರ್ಧ ಮಾತ್ರ ತೆಗೆಯಬೇಕು, ಅಂದರೆ 3.5. ಹೊಸದಿರುವಾಗ ಒಂದು ರಾತ್ರಿಗೆ ಸರಿಯಾಗುತ್ತದೆ, ಹಳತಾದರೆ ಇಲ್ಲ. 12 ಆಂಪ್-ಅವರ್ ತೆಗೆದುಕೊಳ್ಳಿ. ಅದೇ 10 ವಾಟಿನ ಎರಡು ಹಳೇ ತಂತು ಬಲ್ಬ್ ಹಾಕಿದರೆ 1.67 ಆಂಪ್ ಎಳೆಯುತ್ತದೆ, 7ರ ಬ್ಯಾಟರಿ ಎರಡೇ ಗಂಟೆ. ಮನೆಗೆ ತಂದು ಚಾರ್ಜ್ ಮಾಡಿ. ಲೋಡ್ ಇಲ್ಲದೆ ಕೆಲ ಗಂಟೆ ಬಿಟ್ಟು ಅಳೆದಾಗ 12.2 ವೋಲ್ಟ್ ಬಂದರೆ ಅರ್ಧ ಖಾಲಿ ಎಂದು ತಿಳಿಯಿರಿ. ಬ್ಯಾಟರಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ, ಪಟ್ಟಿಯಿಂದ ಬಿಗಿದು, ಪೆಟ್ರೋಲ್ ಟ್ಯಾಂಕಿನಿಂದ ದೂರ, ತಳದ ನೀರು ತಾಗದ ಎತ್ತರದಲ್ಲಿರಲಿ. ಗಾಳಿಯಾಡಲು ಡಬ್ಬದಲ್ಲಿ ಸಂದು ಇರಬೇಕು.

ತಂತಿ 1.5 ಚದರ ಮಿ.ಮೀ., ತವರ ಲೇಪಿಸಿದ ಎಳೆಗಳದ್ದು. ಸಾದಾ ತಾಮ್ರ ಉಪ್ಪಿನ ಗಾಳಿಗೆ ಕವಚದೊಳಗೇ ಕಪ್ಪಾಗುತ್ತ ಹೋಗುತ್ತದೆ, ಎರಡು ಇಂಚು ಸಿಪ್ಪೆ ತೆಗೆದರೂ ಹೊಳೆಯುವ ತಾಮ್ರ ಸಿಗುವುದಿಲ್ಲ. ಎಲ್ಇಡಿಗೆ 0.75 ಸಾಕಲ್ಲ ಎನ್ನಬಹುದು. ವಿದ್ಯುತ್ತಿಗೆ ಸಾಕು, ಅಲುಗಾಟಕ್ಕೆ ಸಾಲದು. ಹೋಗಿ ಬರುವ ತಂತಿ ಒಟ್ಟು 12 ಮೀಟರ್ ಇದ್ದರೆ 1.5ರಲ್ಲಿ ಸುಮಾರು 0.15 ಓಮ್. ನಿಮ್ಮ ಎಲ್ಇಡಿ ಕರೆಂಟಿಗೆ ವೋಲ್ಟೇಜ್ ಇಳಿಕೆ ಲೆಕ್ಕಕ್ಕೇ ಬರುವುದಿಲ್ಲ. ದೀಪ ಉರಿಸಿ ಅದರ ತುದಿಯಲ್ಲಿ ಅಳೆದಾಗ ಬ್ಯಾಟರಿಗಿಂತ 3 ಶೇಕಡಾ, ಅಂದರೆ 0.35 ವೋಲ್ಟಿಗಿಂತ ಜಾಸ್ತಿ ಇಳಿದಿದ್ದರೆ ತಂತಿಯದ್ದಲ್ಲ, ಯಾವುದೋ ಜಾಯಿಂಟಿನ ತಪ್ಪು.

ಫ್ಯೂಸ್ 3 ಆಂಪಿನ ಬ್ಲೇಡ್ ಮಾದರಿ, ಬ್ಯಾಟರಿಯ ಪ್ಲಸ್‌ನಿಂದ 18 ಸೆಂ.ಮೀ. ಒಳಗೆ. ಫ್ಯೂಸ್ ಕಾಯುವುದು ದೀಪವನ್ನಲ್ಲ, ತಂತಿಯನ್ನು. ಸ್ವಿಚ್ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿ ಉಜ್ಜಿ ಶಾರ್ಟ್ ಆದಾಗ ಕೇಳುವವರಿಲ್ಲ. ಮುಂದೆ ನೀರೆತ್ತುವ ಪಂಪ್ ಹಾಕಿದರೆ ಅದಕ್ಕೆ ಬೇರೆ ಫ್ಯೂಸ್, ಬೇರೆ ತಂತಿ, ಮತ್ತು ಇನ್ನೂ ದೊಡ್ಡ ಬ್ಯಾಟರಿ.

ಸ್ವಿಚ್‌ನಲ್ಲಿ ತುಂಬ ಜನ ಎಡವುತ್ತಾರೆ. ಮೂರು ಕಾಲಿನ ಸ್ವಿಚ್ ತಂದು ಒಂದು ಕಡೆ ಬದಿದೀಪ ಮತ್ತು ಬಿಳಿ, ಇನ್ನೊಂದು ಕಡೆ ಬಿಳಿ ಎಂದು ಸೇರಿಸಿದರೆ, ಲಂಗರು ಕಡೆ ಒತ್ತಿದಾಗಲೂ ಕರೆಂಟ್ ಬಿಳಿಯ ತಂತಿಯಿಂದ ಹಿಂದಕ್ಕೆ ಹರಿದು ಕೆಂಪು ಹಸಿರು ಉರಿಯುತ್ತವೆ. ನಡುವೆ ಆಫ್ ಇರುವ ಆರು ಕಾಲಿನ ಟಾಗಲ್ ಕೇಳಿ, ಅಂಗಡಿಯಲ್ಲಿ ಡಿಪಿಡಿಟಿ ಎನ್ನುತ್ತಾರೆ. ನಡುವಿನ ಎರಡೂ ಕಾಲಿಗೆ ಫ್ಯೂಸ್‌ನಿಂದ ಬಂದ ಪ್ಲಸ್. ಎಡ ಸಾಲಿನ ಮೇಲಿನ ಕಾಲಿಗೆ ಜೋಡಿದೀಪ, ಕೆಳಗಿನದು ಖಾಲಿ. ಬಲ ಸಾಲಿನ ಮೇಲಿನದನ್ನೂ ಕೆಳಗಿನದನ್ನೂ ತುಂಡು ತಂತಿಯಿಂದ ಜೋಡಿಸಿ ಬಿಳಿ ದೀಪಕ್ಕೆ. ಒಂದು ಕಡೆ ಒತ್ತಿದರೆ ಎಲ್ಲ ಉರಿಯುತ್ತದೆ, ಇನ್ನೊಂದು ಕಡೆ ಬಿಳಿ ಮಾತ್ರ. ಸಾಮಾನ್ಯವಾಗಿ ಟಾಗಲ್‌ನ ಕಡ್ಡಿ ಮೇಲಿದ್ದಾಗ ಕೆಳಗಿನ ಕಾಲುಗಳು ಸೇರುತ್ತವೆ, ಮಲ್ಟಿಮೀಟರಿನಲ್ಲಿ ನೋಡಿಕೊಂಡೇ ಚೀಟಿ ಅಂಟಿಸಿ. ರಬ್ಬರ್ ಟೋಪಿ ಮರೆಯಬೇಡಿ.

ಜಾಯಿಂಟುಗಳಿಗೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಕ್ರಿಂಪ್, ಅಂದರೆ ಇಕ್ಕಳದಿಂದ ಒತ್ತಿ ಬಿಗಿದು, ಬಿಸಿ ಮಾಡಿ ಕವಚ ಕುಗ್ಗಿಸುವಂಥದ್ದು. ತಿರುಚಿ ಟೇಪ್ ಸುತ್ತಿದ್ದು ಒಂದು ಮಳೆಗಾಲ ತಾಳುವುದಿಲ್ಲ. ಬರೀ ಬೆಸುಗೆಯೂ ಬೇಡ. ಬೆಸುಗೆ ಎಳೆಗಳೊಳಗೆ ಏರಿ ತಂತಿಯನ್ನು ಸೆಟೆಸುತ್ತದೆ, ಇಂಜಿನ್ ಅದುರಾಟಕ್ಕೆ ಅದು ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ತಂತಿಗೆ 45 ಸೆಂ.ಮೀ.ಗೊಂದು ಕ್ಲಿಪ್. ದೀಪಕ್ಕೆ ಹೊಕ್ಕುವ ಮೊದಲು ತಂತಿ ಸ್ವಲ್ಪ ಕೆಳಗಿಳಿದು ಮೇಲೇರಲಿ, ಹರಿದುಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಫೈಬರ್ ಕೊರೆಯುವಾಗ ಮಾಸ್ಕಿಂಗ್ ಟೇಪ್ ಅಂಟಿಸಿ, ಡ್ರಿಲ್ಲನ್ನು ಮೊದಲು ಉಲ್ಟಾ ತಿರುಗಿಸಿ ಮೇಲಿನ ಜೆಲ್‌ಕೋಟ್ ಸವೆಸಿ, ಆಮೇಲೆ ನೇರ. ಇಲ್ಲವಾದರೆ ನಕ್ಷತ್ರದಂತೆ ಬಿರುಕು ಬಿಡುತ್ತದೆ. ಒಳಗೆ ಪ್ಲೈವುಡ್ ಇದ್ದರೆ ತೂತನ್ನು ದೊಡ್ಡದು ಮಾಡಿ ಇಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯಿರಿ. ನೀರು ಪ್ಲೈವುಡ್‌ಗೆ ಇಳಿದರೆ ಹೊರಗೆ ಕಾಣದೆ ಕೊಳೆಯುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್, ಪಾಲಿಯುರೆಥೇನ್ ಸೀಲೆಂಟ್. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ತಾಮ್ರವನ್ನೇ ತಿನ್ನುತ್ತದೆ, ತಂತಿಯ ಹತ್ತಿರ ಸುಳಿಯಬಾರದು.

ಅಳಿವೆಬದಿ:
ಬಹಳ ಉಪಕಾರವಾಯಿತು. ಎರಡು ಸಂಶಯ. ಇಂಜಿನ್ನಿನಿಂದ ಎರಡು ಹಳದಿ ತಂತಿ ಹೊರಗೆ ಬಂದಿವೆ, ಲೈಟಿಂಗ್ ಕಾಯಿಲ್ ಎಂದರು. ಅದರಿಂದ ನೇರ ದೀಪ ಉರಿಸಬಹುದೇ? ಇನ್ನೊಂದು, ಪರಿಚಯದವರ ಹಳೇ ಜೋಡಿದೀಪ ಇದೆ, 10 ವಾಟಿನ ಬಲ್ಬಿನದ್ದು. ಅದಕ್ಕೆ ಬಿಳಿ ಎಲ್ಇಡಿ ಬಲ್ಬ್ ಸಿಕ್ಕಿಸಿದರೆ ಆಗದೇ?

ಕಾಳಿಹೊಳೆ:
ಎರಡಕ್ಕೂ ಬೇಡ ಎಂದೇ ಹೇಳುತ್ತೇನೆ.

ಕಾಯಿಲಿನಿಂದ ಬರುವುದು ಎಸಿ, ಅದೂ ಹಿಡಿತವಿಲ್ಲದ್ದು. ಇಂಜಿನ್ ನಿಧಾನವಿದ್ದಾಗ ದೀಪ ಮಿಣುಕುತ್ತದೆ, ಥ್ರಾಟಲ್ ಕೊಟ್ಟಂತೆ ವೋಲ್ಟೇಜ್ ಏರಿ ಎಲ್ಇಡಿ ಸುಡುತ್ತದೆ. ಇಂಜಿನ್ ನಿಂತರೆ ದೀಪವೂ ಹೋಯಿತು. ಕತ್ತಲಲ್ಲಿ ಇಂಜಿನ್ ಕೈಕೊಟ್ಟು ಅಳಿವೆಯಲ್ಲಿ ತೇಲುವ ಹೊತ್ತಿಗೇ ದೀಪ ಅತಿ ಮುಖ್ಯ. ಆ ಕಾಯಿಲ್ ಬಳಸಲೇಬೇಕೆಂದರೆ ಅದೇ ಮಾದರಿಯ ಇಂಜಿನ್ನಿಗೆ ತಯಾರಕರು ಕೊಡುವ, ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹಿಡಿತದಲ್ಲಿಡುವ ರೆಕ್ಟಿಫೈಯರ್-ರೆಗ್ಯುಲೇಟರ್ ಹಾಕಿ ಬ್ಯಾಟರಿ ಚಾರ್ಜ್ ಮಾಡಿ, ದೀಪ ಬ್ಯಾಟರಿಯಿಂದಲೇ ಉರಿಯಲಿ. ಆಗಲೂ 10ರಿಂದ 30 ವೋಲ್ಟ್ ತಾಳುವ ದೀಪವೇ ಕ್ಷೇಮ.

ಬಿಳಿ ಎಲ್ಇಡಿ ಬಲ್ಬಿನ ತೊಂದರೆ ಬಣ್ಣದ್ದು. ಹಳೇ ದೀಪದ ಗಾಜು ತಂತು ಬಲ್ಬಿನ ಹಳದಿ ಬೆಳಕಿಗೆ ಲೆಕ್ಕ ಹಾಕಿ ಮಾಡಿದ್ದು. ತಂಪು ಬಿಳಿ ಎಲ್ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಹಸಿರು ನೀಲಿಯ ಕಡೆ ವಾಲುತ್ತದೆ, ಕೆಂಪು ಮಂಕಾಗುತ್ತದೆ. ಬಣ್ಣದ ಗಡಿಯೂ ಕೆಡುತ್ತದೆ. ನಿಂತಿರುವ ಒಂದು ಸಣ್ಣ ತಂತಿನ ಜಾಗದಲ್ಲಿ ಸುತ್ತಲೂ ಚಿಪ್ ಅಂಟಿಸಿದ ದಪ್ಪ ಬಲ್ಬ್ ಬಂದರೆ ಕೆಂಪು ಹಸಿರು ಒಂದರೊಳಗೊಂದು ಬೆರೆಯುತ್ತವೆ. ಹಳೆಯದನ್ನು ಅದರ ತಂತು ಬಲ್ಬಿನೊಂದಿಗೇ ಬಳಸಿ, ಇಲ್ಲವೇ ಪೂರ್ತಿ ಸೀಲಾದ ಎಲ್ಇಡಿ ಜೋಡಿದೀಪ ಕೊಳ್ಳಿ.

ಇನ್ನೊಂದು ಮಾತು. ಅಗ್ಗದ ಎಲ್ಇಡಿಯೊಳಗಿನ ಸರ್ಕ್ಯೂಟ್ ವಿಎಚ್ಎಫ್ ರೇಡಿಯೊಗೆ ಗದ್ದಲ ಸುರಿಯುತ್ತದೆ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ದೋಣಿಯಲ್ಲಿ ರೇಡಿಯೊ ಸೆಟ್ ಇದ್ದರೆ ಖಾಲಿ ಚಾನೆಲ್‌ನಲ್ಲಿ ಸ್ಕ್ವೆಲ್ಚ್ (ಗದ್ದಲ ಅಡಗಿಸುವ ಗುಬ್ಬಿ) ಅನ್ನು ಸದ್ದು ಆಗಷ್ಟೇ ನಿಲ್ಲುವಲ್ಲಿಗೆ ತಿರುಗಿಸಿ, ದೀಪ ಹಾಕಿ. ಸದ್ದು ಮರಳಿದರೆ ಆ ದೀಪ ಬೇಡ.

ಬಂದರುಗಟ್ಟೆ:
ಬೋಲ್ಟ್ ಬಿಗಿಯುವ ಮೊದಲು ದೀಪವನ್ನು ಟೇಪಿನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿ. ಮುಂತುದಿಯ ಮೇಲ್ಮೈ ಇಳಿಜಾರಾಗಿರುತ್ತದೆ, ಅದರ ಮೇಲೆ ಹಾಗೇ ಕೂರಿಸಿದರೆ ಬೆಳಕು ಆಕಾಶಕ್ಕೆ. ವೇಗ ಕೊಟ್ಟಾಗ ಮೂತಿ ಇನ್ನೂ ಏಳುತ್ತದೆ. ಅಡಿಗೆ ಫೈಬರ್ ಅಥವಾ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಆಪು ಕತ್ತರಿಸಿ ಕೊಟ್ಟು ಸಮ ಮಾಡಿ.

ದೋಣಿಯನ್ನು ದಡದಲ್ಲಿ ನೀರಿನಲ್ಲಿ ತೇಲುವಷ್ಟೇ ಮಟ್ಟವಾಗಿ ಇಟ್ಟು, ಕತ್ತಲಾದ ಮೇಲೆ ದೀಪ ಹಾಕಿ. ನೇರ ಎದುರು 10 ಮೀಟರ್ ದೂರ ನಿಂತರೆ ಎರಡೂ ಬಣ್ಣ ಕಾಣಬೇಕು. ಅಲ್ಲಿಂದ ಬದಿಗೆ ಅರ್ಧ ಮೀಟರ್ ಸರಿಯುವಷ್ಟರಲ್ಲಿ ಒಂದು ಬಣ್ಣ ಮಾಯವಾಗಬೇಕು. ಆಮೇಲೆ ದೀಪದಿಂದ ಅಡ್ಡಕ್ಕೆ 10 ಮೀಟರ್ ಅಳೆದು ಗೂಟ ಹೊಡೆಯಿರಿ, ಅಲ್ಲಿಂದ ದೋಣಿಯ ಹಿಂಬದಿಯ ಕಡೆಗೆ ನಡೆಯಿರಿ. 4 ಮೀಟರ್ ದಾಟುವವರೆಗೂ ಬಣ್ಣ ಕಾಣಬೇಕು, 5 ಮೀಟರ್ ದಾಟಿದ ಮೇಲೆ ಬಿಳಿ ಮಾತ್ರ. ಎರಡೂ ಕಡೆ ಹೀಗೆ ಬಂದರೆ ಟೇಪ್ ಕಿತ್ತು ಬೋಲ್ಟ್ ಹಾಕಿ. ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪಿದರೆ ದೀಪ ನಡುಗೆರೆಗೆ ಓರೆಯಾಗಿದೆ. ಮುಂತುದಿಗೆ ನೂಲು ಹಿಡಿದು, ಹಿಂಬದಿಯ ಇಂಜಿನ್ ಹಲಗೆಯ ನಡುವಿಗೆ ಎಳೆದು ಮತ್ತೆ ಸರಿಪಡಿಸಿ.