ಅಪ್‌ಡೇಟ್: ಸ್ಟ್ರ್‌ಲೆನ್ ತಪ್ಪು ಉದ್ದ ಕೊಡುತ್ತಿದ್ದದ್ದು ಸರಿಯಾಯಿತು
ಪುಣೆಯ ಕೋಥ್ರುಡ್‌ನಲ್ಲಿರುವ ನಮ್ಮ ಕನ್ನಡ ಬಳಗದ ಹೆಸರುಪಟ್ಟಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಹೆಸರು ಇಡುವ 32 ಬೈಟಿನ ಅರೇಗೆ (ಸಾಲಾಗಿ ಬೈಟ್ ಇಡುವ ಜಾಗ), ಪಠ್ಯದ ಉದ್ದವನ್ನು ಬೈಟ್ ಲೆಕ್ಕದಲ್ಲಿ ಹೇಳುವ ಸ್ಟ್ರ್‌ಲೆನ್ (strlen) 41 ಅನ್ನುತ್ತಿತ್ತು, ಯಾಕೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಕಾರಣ ಸಿಕ್ಕಿತು.

ಹೆಸರನ್ನು ಅರೇಗೆ ನಕಲು ಮಾಡುವ ಸ್ಟ್ರ್‌ಎನ್‌ಕಾಪಿ (strncpy), ಜಾಗ ತುಂಬಿಹೋದರೆ ಪಠ್ಯ ಮುಗಿಯಿತು ಅಂತ ತೋರಿಸುವ ಸೊನ್ನೆ ಬೈಟನ್ನು ಕೊನೆಗೆ ಹಾಕುವುದೇ ಇಲ್ಲ. ಸ್ಟ್ರ್‌ಲೆನ್ ಆ ಸೊನ್ನೆಯನ್ನು ಹುಡುಕುತ್ತಾ ಪಕ್ಕದ ಮೆಮೊರಿಗೆ ನುಗ್ಗುತ್ತಿತ್ತು.

ಅರೇಯ ಅಳತೆ ತಿಳಿಯಲು ಸೈಝ್‌ಆಫ್ (sizeof) ಬಳಸಿ ಅಂತ ಬಂದಿದ್ದ ಸಲಹೆ ಕೆಲಸಕ್ಕೆ ಬರಲಿಲ್ಲ. ಫಂಕ್ಷನ್ ಒಳಗೆ ಅದು ಅರೇಯದ್ದಲ್ಲ, ಪಾಯಿಂಟರ್‌ನ (ಅರೇ ಇರುವ ಜಾಗದ ವಿಳಾಸದ) ಅಳತೆ 8 ಕೊಟ್ಟಿತು. ಮಿತಿಯೊಳಗೆ ಮಾತ್ರ ಉದ್ದ ಎಣಿಸುವ ಸ್ಟ್ರ್‌ಎನ್‌ಲೆನ್ (strnlen) ಬಳಸಿ ಅಂತ ಹೇಳಿದವರಿಗೆ ತುಂಬಾ ಥ್ಯಾಂಕ್ಸ್! 32 ಅಂತ ಮಿತಿ ಕೊಟ್ಟರೆ ಅದನ್ನು ದಾಟಿ ಓದುವುದಿಲ್ಲ. ಉತ್ತರವೂ 32 ಬಂದರೆ ಒಳಗೆ ಸೊನ್ನೆ ಇಲ್ಲ ಅಂತ ಅರ್ಥ. ಸ್ಟ್ರ್‌ಎನ್‌ಲೆನ್ ಇಲ್ಲದ ಕಂಪೈಲರ್‌ನಲ್ಲಿ, ಕೊಟ್ಟ ಮಿತಿಯೊಳಗೆ ಸೊನ್ನೆ ಬೈಟನ್ನು ಹುಡುಕಿಕೊಡುವ ಮೆಮ್‌ಸಿಎಚ್‌ಆರ್ (memchr) ಸಾಕು.

ನನಗೆ ಗೊತ್ತೇ ಇರದ ವಿಷಯ: ‘ಕುಲಕರ್ಣಿ’ ನೋಡಲು ನಾಲ್ಕಕ್ಷರ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 24 ಬೈಟ್! ಈ ಅಡ್ಡಹೆಸರಿನ ಜೊತೆ ವ್ಯಕ್ತಿಯ ಹೆಸರೂ ಸೇರಿದರೆ 32 ಎಲ್ಲಿ ಸಾಲುತ್ತದೆ? ಅರೇಯನ್ನು 128ಕ್ಕೆ ಏರಿಸಿದ್ದೇನೆ.